ಯಾರಿಗೆ ಪ್ರಿಫರಬಲ್

ಹೊಸೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ನಾನು ಹೇಳುವ ಮೊದಲ ಬುದ್ಧಿಮಾತು ಇದು: ಮನೆಯನ್ನು ಮಟಮಟ ಮಧ್ಯಾಹ್ನ ನೋಡಿ. ಬೆಳಿಗ್ಗೆ ಹೊತ್ತು ಎಲ್ಲ ಮನೆಯೂ ಚೆಂದ. ಸಂಜೆ ಲೈಟು ಹಾಕಿ ಯಾವ ಮನೆಯನ್ನಾದರೂ ಚೆಂದ ಮಾಡಬಹುದು. ಮಧ್ಯಾಹ್ನ ಮಾತ್ರ ಮನೆ ಸುಳ್ಳು ಹೇಳುವುದಿಲ್ಲ. ನಲ್ಲಿ ತಿರುಗಿಸಿ ನೋಡಿ, ಪಕ್ಕದ ಮನೆಯವರನ್ನು ಮಾತಾಡಿಸಿ, ಮನೆ ಹಿಡಿಸಿದರೂ ಮುಖದಲ್ಲಿ ತೋರಿಸಬೇಡಿ. ಓನರು ಕಾಫಿ ಕೊಟ್ಟರೆ ಕುಡಿಯಿರಿ, ಆದರೆ ಲೋಟ ಕೆಳಗಿಡುವವರೆಗೆ ಬಾಡಿಗೆಯ ಮಾತು ಎತ್ತಬೇಡಿ. ಗೇಟಿಗೆ ತೂಗುಹಾಕಿದ ಬೋರ್ಡಿನಲ್ಲಿ ‘ಪ್ರಿಫರಬಲ್’ ಅನ್ನುವ ಮಾತಿದ್ದರೆ ಅದನ್ನು ಎರಡು ಸಲ ಓದಿ.

ಆ ಮಾತಿನಿಂದಲೇ ಅನ್ನ ತಿಂದವನು ನಾನು. ಮನೆ ಬ್ರೋಕರು. ಹುಟ್ಟಿದ್ದು ಸಾನಮಾವು ಕಾಡಿನ ಅಂಚಿನ ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಇಂಗ್ಲಿಷನ್ನು ಮಾತ್ರ ಯಾರೂ ಕಲಿಸಲಿಲ್ಲ, ಗೇಟಿನ ಬೋರ್ಡುಗಳೇ ಕಲಿಸಿದವು. ಮೊದಲು ಸೊಪ್ಪು ಮಾರಿದೆ. ಆಮೇಲೆ ಜೂಜುವಾಡಿಯಲ್ಲಿ ಲಾರಿಯವರಿಗೆ ಟೀ ಮಾರಿದೆ. ಫ್ಯಾಕ್ಟರಿಗೆ ಹೊಸದಾಗಿ ಸೇರಿದವರು ಟೀ ಕುಡಿಯುತ್ತ, ಇಲ್ಲೆಲ್ಲಾದರೂ ಮನೆ ಸಿಗುತ್ತದಾ ಅಂತ ವಿಚಾರಿಸುತ್ತಿದ್ದರು. ಕೇಳಿ ಕೇಳಿ, ಟೀಗಿಂತ ಇದೇ ವಾಸಿ ಅನ್ನಿಸಿತು. ಬಂಡವಾಳ ಬೇಡ, ಬಾಯಿ ಇದ್ದರೆ ಸಾಕು.

‘ಫ್ಯಾಮಿಲಿ ಪ್ರಿಫರಬಲ್’, ‘ವೆಜಿಟೇರಿಯನ್ ಪ್ರಿಫರಬಲ್’, ‘ಸ್ಮಾಲ್ ಫ್ಯಾಮಿಲಿ ಪ್ರಿಫರಬಲ್’. ಬಹಳ ವರ್ಷ ನಾನು ಅದನ್ನು ಒಂದು ಮರ್ಯಾದೆಯ ಮಾತು ಅಂದುಕೊಂಡಿದ್ದೆ, ನಮ್ಮ ‘ದಯವಿಟ್ಟು’ ಇದ್ದ ಹಾಗೆ. ಗಿರಾಕಿಗಳ ಎದುರು ಧಾರಾಳವಾಗಿ ಬಳಸುತ್ತಿದ್ದೆ. ಒಮ್ಮೆ ಆಲಸನತ್ತಂನಲ್ಲಿ ಒಬ್ಬ ರಿಟೈರಾದ ಇಂಗ್ಲಿಷ್ ಮೇಷ್ಟ್ರಿಗೆ ಮನೆ ತೋರಿಸುತ್ತ, ಆ ಮನೆಗಿಂತ ಇದು ಮೋರ್ ಪ್ರಿಫರಬಲ್ ಸಾರ್ ಅಂದೆ. ಅವರು ಮೆಟ್ಟಿಲ ಮೇಲೇ ನಿಂತು ನಕ್ಕರು. ಆ ‘ಮೋರ್’ ಅನ್ನೋದು ಅದರೊಳಗೇ ಇದೆ ಕಣಯ್ಯ, ಉಪ್ಪಿನಕಾಯಿಗೆ ಯಾಕೆ ಮತ್ತೆ ಉಪ್ಪು ಹಾಕ್ತೀಯ ಅಂದರು. ಆಮೇಲೆ ಪಾಠ ಹೇಳುವವರ ಹಾಗೆ ಬಿಡಿಸಿ ಹೇಳಿದರು. ಎದುರಿಗೆ ಎರಡು ಇರಬೇಕಂತೆ. ಎರಡೂ ಕೈಗೆ ಸಿಗುವಂಥದ್ದೇ ಆಗಿರಬೇಕಂತೆ. ತೂಗಿ ನೋಡಿದಾಗ ಒಂದು ಮನಸ್ಸಿಗೆ ಸ್ವಲ್ಪ ಹೆಚ್ಚು ಹತ್ತಿರವಾದರೆ ಅದು ಪ್ರಿಫರಬಲ್. ಒಂದೇ ಇದ್ದಾಗ ಆ ಮಾತಿಗೆ ಅರ್ಥವಿಲ್ಲ.

ಕೇಳಿ ನನಗೆ ನಗು ಬಂತು. ನನ್ನ ಕಸುಬಿನಲ್ಲಿ ಎರಡನೆಯದು ಇದ್ದದ್ದೇ ಇಲ್ಲ. ‘ಫ್ಯಾಮಿಲಿ ಪ್ರಿಫರಬಲ್’ ಅಂದರೆ ಬ್ಯಾಚಲರು ಈ ಗೇಟು ಮುಟ್ಟಬೇಡ ಅಂತ. ‘ವೆಜಿಟೇರಿಯನ್ ಪ್ರಿಫರಬಲ್’ ಅಂದರೆ ನಿಮ್ಮ ಜಾತಿ ಹೇಳಿ ಅಂತ. ಮುಖದ ಮೇಲೆ ‘ಇಲ್ಲ’ ಅನ್ನುವುದು ಕಷ್ಟ, ಈ ಮಾತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸುತ್ತದೆ. ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ, ಹೊರಗೆ ನಿಂತವನಿಗೂ ಬೇಜಾರಾಗುವುದಿಲ್ಲ. ಹಾಗಂತ ನಾನು ನಂಬಿದ್ದೆ.

ನನ್ನ ಹೆಂಡತಿ ಸ್ವಂತ ಅಕ್ಕನ ಮಗಳು. ಚಿಕ್ಕಂದಿನಿಂದ ಮಾವ ಅಂತ ಕರೆದವಳು ಮದುವೆಯಾದ ಮೇಲೂ ಮಾವ ಅಂತಲೇ ಕರೆದಳು. ನನ್ನ ವ್ಯಾಪಾರದ ಮಾತು ಅವಳ ಹತ್ತಿರ ನಡೆಯುತ್ತಿರಲಿಲ್ಲ. ನಿನ್ ಬಾಯಿಗೂ ಯಾರಾನ ಬಾಡಿಗೆ ಕೊಡಂಗಿದ್ರೆ ನಾವು ಯಾವತ್ತೋ ಸಾವ್ಕಾರ್ರಾಗ್ತಿದ್ವಿ ಅಂತ ಕಿಚಾಯಿಸುವಳು. ಮಕ್ಕಳಾಗಲಿಲ್ಲ. ಆಲಸನತ್ತಂನ ಒಂದು ಮನೆಯ ಮಹಡಿಯಲ್ಲಿ ಇಬ್ಬರೇ ಇದ್ದೆವು. ಕೆಳಗಡೆ ಓನರಮ್ಮ, ಗಂಡ ತೀರಿಕೊಂಡಿದ್ದ ತಮಿಳು ಹೆಂಗಸು. ಮೇಲಿನ ಬಾಡಿಗೆಯೇ ಅವರ ಜೀವನ. ನಾವು ಅಲ್ಲಿಗೆ ಹೋದಾಗ ಸುತ್ತ ಖಾಲಿ ಸೈಟುಗಳು, ಹುಣಸೆ ಮರಗಳು. ನೋಡನೋಡುತ್ತ ಎಲ್ಲ ಕಡೆ ಕಟ್ಟಡ ಎದ್ದವು, ಅರ್ಧಕ್ಕರ್ಧ ಬಾಡಿಗೆದಾರರು ನಾನು ತಂದು ಕೂರಿಸಿದವರೇ.

ಊರಿಗೆಲ್ಲ ಮನೆ ಕೊಡಿಸುವ ಬ್ರೋಕರಿಗೆ ಸ್ವಂತ ಮನೆ ಇಲ್ಲ ಅಂದರೆ ನಗೆಪಾಟಲು. ಅದಕ್ಕೇ ಸಾನಮಾವು ದಾರಿಯಲ್ಲಿ ಒಂದು ಸೈಟು ಹಿಡಿದು, ಸಿಮೆಂಟು ಅಗ್ಗವಾದಾಗ ಸಿಮೆಂಟು, ಮೇಸ್ತ್ರಿ ಖಾಲಿ ಇದ್ದಾಗ ಕೆಲಸ ಅಂತ ನಿಧಾನವಾಗಿ ಕಟ್ಟಿಸುತ್ತಿದ್ದೆ. ಅವಸರದಲ್ಲಿ ಮನೆ ಕಟ್ಟಬೇಡಿ, ಅದು ನನ್ನ ಇನ್ನೊಂದು ಬುದ್ಧಿಮಾತು. ತಾರಸಿ ಆಗಿತ್ತು, ಬಾಗಿಲು ಕೂತಿತ್ತು, ಗೃಹಪ್ರವೇಶ ಬಾಕಿ. ಅಷ್ಟರಲ್ಲಿ ಅವಳ ಹೊಟ್ಟೆಯೊಳಗೆ ಗಡ್ಡೆ ಕಾಣಿಸಿತು.

ಆಸ್ಪತ್ರೆಯ ಕಥೆ ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಒಂದು ಇರುತ್ತದೆ. ಕೊನೆಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನನ್ನನ್ನು ಹೊರಗೆ ಕರೆದು, ಇಲ್ಲಿಟ್ಟುಕೊಂಡು ನಾವು ಮಾಡುವುದು ಇನ್ನೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗುವುದು ಪ್ರಿಫರಬಲ್ ಅಂದರು. ಆ ಮಾತಿನ ಹಿಂದೆ ಇನ್ನೊಂದು ದಾರಿ ಇದೆಯಾ ಅಂತ ನಾನು ಅಭ್ಯಾಸಬಲದಿಂದ ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅಲ್ಲಿ ಗೊತ್ತಾಯಿತು. ನಾನು ಅಷ್ಟು ವರ್ಷ ಗೇಟಿನ ಒಳಗೆ ನಿಂತು ಹೇಳಿದ್ದ ಮಾತು ಹೊರಗೆ ನಿಂತವನಿಗೆ ಹೇಗೆ ಕೇಳಿಸುತ್ತದೆ ಅಂತ.

ಮನೆಗೆ ಅಂದಾಗ ನನ್ನ ತಲೆಗೆ ಬಂದದ್ದು ಸಾನಮಾವು ದಾರಿಯ ಮನೆ. ಅವಳು ತನ್ನದೇ ಮನೆಯಲ್ಲಿ ನಾಲ್ಕು ದಿನ ಮಹಾರಾಣಿಯ ಹಾಗೆ ಇರಲಿ ಅಂತ. ಆದರೆ ಹಾಲುಕ್ಕಿಸದ ಮನೆಗೆ ಕಾಯಿಲೆಯವಳನ್ನು ಹೊತ್ತುಕೊಂಡು ಹೇಗೆ ಹೋಗುವುದು? ಅದೂ ಆಷಾಢ. ಕನ್ನಡದವರಿಗೆ ಆಷಾಢ, ತಮಿಳರಿಗೆ ಆಡಿ ತಿಂಗಳು, ಎರಡರಲ್ಲೂ ಯಾರೂ ಮನೆ ಬದಲಾಯಿಸುವುದಿಲ್ಲ. ವರ್ಷ ವರ್ಷವೂ ನನ್ನ ಹೊಟ್ಟೆಯ ಮೇಲೆ ಹೊಡೆಯುವ ಕಾಲ ಅದು. ಜೋಯಿಸರ ಮನೆಗೆ ಹೋಗಿ, ಆಷಾಢದೊಳಗೇ ಒಂದು ದಿನ ಹುಡುಕಿಕೊಡಿ ಅಂತ ಕೂತೆ. ಆಗಲ್ಲ ಅಂದರು. ಪೂರ್ತಿ ದಿನ ಬೇಡ, ಒಂದು ಗಂಟೆ ಆದರೂ ಸಾಕು ಅಂದೆ. ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡ್ದಂಗೆ ಪಂಚಾಂಗಕ್ಕೂ ಮಾಡ್ತೀಯಲ್ಲಯ್ಯ ಅಂತ ಅವರು ಬೈದರು. ಶ್ರಾವಣ ಬರಲಿ, ಶ್ರಾವಣವೇ ಪ್ರಿಫರಬಲ್ ಅಂದರು. ಜೋಯಿಸರ ಬಾಯಲ್ಲೂ ಅದೇ ಮಾತು. ಶ್ರಾವಣದವರೆಗೆ ಅವಳು ಕಾಯುವ ಹಾಗಿರಲಿಲ್ಲ. ಬಿಡದೆ ಪಟ್ಟು ಹಿಡಿದು, ಬರೀ ಹಾಲುಕ್ಕಿಸಿ ದೀಪ ಹಚ್ಚಿಕೊಳ್ಳಿ, ಕೇಳಿದವರಿಗೆ ನನ್ನ ಹೆಸರು ಹೇಳಬೇಡಿ ಅನ್ನುವವರೆಗೆ ತಂದೆ. ವ್ಯಾಪಾರ ಗೆದ್ದ ಖುಷಿಯಲ್ಲಿ ಆಸ್ಪತ್ರೆಗೆ ಬಂದು ಅವಳಿಗೆ ಹೇಳಿದೆ.

ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಈ ಕಡೆ ತಿರುಗಿದಳು.

“ಡಾಕ್ಟ್ರನ್ನ ಕೇಳ್ದೆ, ಜೋಯಿಸರ್ನ ಕೇಳ್ದೆ. ನಂಗ್ಯಾವ್ದು ಇಷ್ಟ ಅಂತ ಒಂದ್ಸಲ ಕೇಳ್ಬಾರ್ದಾ ಮಾವ?”

ಕೇಳುವುದೇನಿದೆ, ಸ್ವಂತ ಮನೆ ಅಲ್ಲವಾ ಅಂದೆ.

“ಸ್ವಂತದ್ದೇ. ಅಲ್ಲಿ ನಂಗೆ ಒಂದು ಮೂಲೆನೂ ಗೊತ್ತಿಲ್ಲ. ಸಾಯಕ್ಕೆ ಗೊತ್ತಿರೋ ಜಾಗ ಬೇಕು ಕಣ್ ಮಾವ.”

ಆಮೇಲೆ ನಿಧಾನವಾಗಿ ಹೇಳಿಕೊಂಡಳು. ಆಲಸನತ್ತಂ ಮನೆಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಹೊತ್ತು ಕಿಟಕಿಯಿಂದ ನೆಲದ ಮೇಲೆ ಒಂದು ಚಾಪೆಯಷ್ಟು ಬಿಸಿಲು ಬೀಳುತ್ತದಂತೆ. ಊಟ ಆದ ಮೇಲೆ ಅವಳು ದಿನಾ ಅಲ್ಲಿ, ತೋಳನ್ನೇ ದಿಂಬು ಮಾಡಿಕೊಂಡು ಮಲಗುತ್ತಿದ್ದಳಂತೆ. ಹೊಸೂರಿನ ಚಳಿಗೆ ಕಾಲು ಹಿಡಿದುಕೊಂಡಾಗ ಆ ಬಿಸಿಲಿಗೇ ಸರಿಹೋಗುತ್ತಿತ್ತಂತೆ. ಬಿಸಿಲು ಜರುಗಿದ ಹಾಗೆ ಅವಳೂ ಜರುಗುವಳಂತೆ, ಗ್ಯಾಸಿನ ಕಟ್ಟೆಯಿಂದ ಬಾಗಿಲ ತನಕ. ಎಷ್ಟು ವರ್ಷದಿಂದ ಅಂತ ಕೇಳಿದೆ. ಆ ಮನೆಗೆ ಹೋದ ದಿನದಿಂದ ಅಂದಳು. ಮಧ್ಯಾಹ್ನ ಮನೆ ನೋಡಿ ಅಂತ ಊರಿಗೆಲ್ಲ ಹೇಳಿದವನು ನಾನು. ನನ್ನ ಮನೆಯನ್ನು ಮಧ್ಯಾಹ್ನ ನೋಡಿರಲಿಲ್ಲ, ಆ ಹೊತ್ತಿನಲ್ಲಿ ಯಾವತ್ತೂ ಬೇರೆಯವರ ಮನೆಯಲ್ಲಿರುತ್ತಿದ್ದೆ.

ಈಗ ಓನರಮ್ಮನ ಹತ್ತಿರ ಹೋಗಬೇಕಿತ್ತು. ಬಾಡಿಗೆ ಮನೆಯಲ್ಲಿ ಸಾವಾದರೆ ಏನಾಗುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಆ ಮನೆಗೆ ಜನ ಬರಲು ಹಿಂದೆಮುಂದೆ ನೋಡುತ್ತಾರೆ. ನಕ್ಷತ್ರ ಸರಿಯಿಲ್ಲದ ದಿನ ಹೋದರಂತೂ ಮನೆಯನ್ನೇ ಆರು ತಿಂಗಳು ಮುಚ್ಚಬೇಕು, ತಮಿಳರು ಅದಕ್ಕೆ ‘ಅಡೈಪ್ಪು’ ಅನ್ನುತ್ತಾರೆ. ಬಾಗಿಲಿಗೆ ಮುಳ್ಳಿನ ಕಂಟಿ ಇಟ್ಟು ಬೀಗ ಹಾಕಬೇಕು. ಆ ಭಯಕ್ಕೇ ಎಷ್ಟೋ ಓನರುಗಳು ಕಾಯಿಲೆಯವರನ್ನು ಆಸ್ಪತ್ರೆಯಿಂದ ಹಾಗೇ ಹಳ್ಳಿಗೆ ಸಾಗಿಸಿ ಅನ್ನುತ್ತಾರೆ. ಅಂಥ ಮಾತನ್ನು ಓನರುಗಳ ಪರವಾಗಿ ನಾನೇ ಮೆಟ್ಟಿಲು ಹತ್ತಿ ಹೋಗಿ ಹೇಳಿ ಬಂದದ್ದುಂಟು.

ಓನರಮ್ಮ ಬಾಗಿಲಲ್ಲೇ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಅರ್ಥವಾಗಿತ್ತು.

“ತಪ್ಪಾ ತಿಳ್ಕೋಬೇಡ ತಂಬಿ. ಆಸ್ಪತ್ರೆನೇ ಪ್ರಿಫರಬಲ್. ಇಲ್ಲಾಂದ್ರೆ ನಿಂದೇ ಮನೆ ಇದೆಯಲ್ಲ.”

ನನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಇಷ್ಟು ವರ್ಷದಲ್ಲಿ ನಿಮ್ಮನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆದಿಲ್ಲ ಅಂದೆ. ಮುಂದೆ ಮನೆ ಖಾಲಿ ಬಿದ್ದರೆ ನಾನಲ್ಲದೆ ಯಾರು ತುಂಬಿಸುತ್ತಾರೆ ಅಂತ ಸ್ವಲ್ಪ ಹೆದರಿಸಿದ ಹಾಗೂ ಮಾಡಿದೆ. ಅವರು ಕಾಳು ಒಂದು ಕಡೆ ಸಿಪ್ಪೆ ಒಂದು ಕಡೆ ಹಾಕುತ್ತಾ ಹೋದರು. ಎದುರಿನವರು ಸುಮ್ಮನಾದಾಗ ನೀವೂ ಸುಮ್ಮನಾಗಿ, ಮೊದಲು ಮಾತಾಡಿದವನು ಸೋತ ಅನ್ನುವುದು ನನ್ನ ಕಸುಬಿನ ಪಾಠ. ಅವತ್ತು ಸುಮ್ಮನಿರಲು ಆಗಲಿಲ್ಲ. ಅವಳಿಗೆ ಅಡುಗೆಮನೆಯ ಬಿಸಿಲು ಬೇಕಂತೆ ಅಮ್ಮ, ಅಲ್ಲಿ ಮಲಗಬೇಕಂತೆ ಅಂದುಬಿಟ್ಟೆ.

ಅವರ ಕೈ ನಿಂತಿತು. ಪಕ್ಕದ ಸೈಟಿನ ಕಡೆ ನೋಡಿದರು. ಅಲ್ಲಿ ಹೊಸ ಕಟ್ಟಡದ ಕಂಬಗಳು ನಮ್ಮ ಕಾಂಪೌಂಡಿನ ಎತ್ತರಕ್ಕೆ ಬಂದಿದ್ದವು.

“ಇನ್ನೂ ಬೀಳ್ತದಾ ಆ ಬಿಸಿಲು?”

ಬೀಳುತ್ತದೆ ಅಂದೆ. ನಾನೇ ನೋಡಿದವನ ಹಾಗೆ.

ಗಂಡ ಇದ್ದಾಗ ತಾವೂ ಮೇಲೇ ಇದ್ದದ್ದು, ಮಂಡಿನೋವು ಬಂದ ಮೇಲೆ ಕೆಳಗಿಳಿದದ್ದು ಅಂದರು. ಹಪ್ಪಳ ಒಣಗಿಸುತ್ತಿದ್ದೆ ಅಲ್ಲಿ, ಮಳೆಗಾಲದಲ್ಲಿ, ಅಂದರು. ಮತ್ತೆ ಸ್ವಲ್ಪ ಹೊತ್ತು ಕಾಳು ಸುಲಿದು, ಲೆಕ್ಕಾಚಾರದ ಹೆಂಗಸಿನ ಗಟ್ಟಿ ದನಿಯಲ್ಲಿ ಮಾತು ಮುಗಿಸಿದರು. ಕರೆದುಕೊಂಡು ಬಾ. ನಕ್ಷತ್ರ ಒಳ್ಳೆಯದಾದರೆ ನಿನ್ನ ಅದೃಷ್ಟ, ಕೆಟ್ಟದ್ದಾದರೆ ಮನೆ ಮುಚ್ಚುತ್ತೇನೆ, ನೀನು ಹೊರಡಬೇಕು. ತೆರೆದ ಮೇಲೆ ಬೇರೆ ಜನರನ್ನು ನೀನೇ ತಂದು ಕೂರಿಸಬೇಕು, ನಡೆದದ್ದನ್ನು ಅವರಿಗೆ ಮುಚ್ಚಿಡದೆ. ಒಪ್ಪಿದೆ. ನನ್ನ ಜೀವನದಲ್ಲಿ ಒಂದು ಮಾತೂ ಎಳೆದಾಡದೆ ಒಪ್ಪಿಕೊಂಡ ಕರಾರು ಅದೊಂದೇ.

ಆಂಬುಲೆನ್ಸಿನವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಗ್ಯಾಸಿನ ಕಟ್ಟೆಯ ಪಕ್ಕ ಹಾಸಿಗೆ ಹಾಸಿದೆ. ಎರಡು ವಾರ ತುಂಬಲಿಲ್ಲ. ಆದರೆ ಅಷ್ಟು ದಿನವೂ ಮಧ್ಯಾಹ್ನ ನಾನು ಮನೆಯಲ್ಲಿದ್ದೆ. ಆಡಿ ತಿಂಗಳು ವ್ಯಾಪಾರವಿಲ್ಲ ಅಂತ ವರ್ಷ ವರ್ಷವೂ ಶಪಿಸುತ್ತಿದ್ದವನು ಆ ವರ್ಷ ಶಪಿಸಲಿಲ್ಲ. ಮೋಡ ಇಲ್ಲದ ದಿನ ಬಿಸಿಲು ಬರುತ್ತಿತ್ತು. ಅವಳು ಹೇಳಿದ್ದು ನಿಜ, ಒಂದು ಚಾಪೆಯಷ್ಟೇ. ಅದು ಜರುಗಿದ ಹಾಗೆ ನಾನು ಹಾಸಿಗೆಯ ತುದಿ ಹಿಡಿದು ಮೆಲ್ಲಗೆ ಎಳೆಯುತ್ತಿದ್ದೆ, ಬಾಗಿಲ ತನಕ. ಒಂದು ದಿನ ನಾನು ಮರೆತು ತೂಕಡಿಸಿದಾಗ, ಕಮಿಷನ್ ಇಸ್ಕೊಂಡು ಕೆಲ್ಸ ಮಾಡಲ್ವಲ್ಲ ಮಾವ ಅಂತ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಓನರಮ್ಮ ಮಂಡಿ ಹಿಡಿದುಕೊಂಡು ದಿನಾ ಒಮ್ಮೆ ಮೇಲೆ ಬಂದು, ಕಿಟಕಿಯ ಹತ್ತಿರ ಕೂತು ಇಳಿಯುತ್ತಿದ್ದರು. ಪಕ್ಕದ ಕಟ್ಟಡದವರಿಗೆ ಗದರಿ, ಮಧ್ಯಾಹ್ನದ ಹೊತ್ತು ಕಬ್ಬಿಣ ಬಡಿಯುವುದನ್ನು ನಿಲ್ಲಿಸಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು.

ಹೋದದ್ದು ಬೆಳಗಿನ ಜಾವ, ಬಿಸಿಲಿಗೆ ಇನ್ನೂ ಬಹಳ ಹೊತ್ತಿತ್ತು. ಜೋಯಿಸರು ಪಂಚಾಂಗ ನೋಡಿದರು. ನಕ್ಷತ್ರ ಕೆಟ್ಟದ್ದೇ ಆಗಿತ್ತು. ಈ ಸಲ ಅವರ ಹತ್ತಿರ ನಾನು ಚೌಕಾಸಿ ಮಾಡಲಿಲ್ಲ.

ಎಲ್ಲ ಕಾರ್ಯ ಮುಗಿದ ಮೇಲೆ ಸಾಮಾನು ಇಳಿಸಿದೆ. ಓನರಮ್ಮ ತಾವೇ ಮುಳ್ಳಿನ ಕಂಟಿ ತರಿಸಿ, ತಾವೇ ಹತ್ತಿ ಬಂದು ಬಾಗಿಲಿಗೆ ಅಡ್ಡ ಇಟ್ಟರು. ಆರು ತಿಂಗಳು ಅವರ ಜೀವನ ಹೇಗೆ ನಡೆಯುತ್ತದೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಅವಳು ಹೋಗಿ ವರ್ಷ ತುಂಬುವವರೆಗೆ ನನ್ನ ಸ್ವಂತ ಮನೆಯ ಗೃಹಪ್ರವೇಶ ಮಾಡುವ ಹಾಗಿಲ್ಲ. ಹಾಲುಕ್ಕಿಸದ ಮನೆಯಲ್ಲಿ ಮಲಗಲು ನನಗೂ ಮನಸ್ಸಾಗಲಿಲ್ಲ. ಒಂದು ರೂಮು ಕೇಳಿಕೊಂಡು ಹೊರಟೆ. ಗೊತ್ತಿರುವ ಓನರೊಬ್ಬರು ಕಾಫಿ ಕೊಟ್ಟು ಕೂರಿಸಿಕೊಂಡು, ನಿಮಗೆ ನಾನೇನು ಹೇಳುವುದು, ಫ್ಯಾಮಿಲಿ ಪ್ರಿಫರಬಲ್ ಅಂತ ನೀವೇ ತಾನೇ ಬೋರ್ಡು ಬರೆಸಿಕೊಟ್ಟದ್ದು ಅಂದರು. ಕಾಫಿ ಪೂರ್ತಿ ಕುಡಿದು ಎದ್ದೆ. ಅವರದ್ದೇನೂ ತಪ್ಪಿಲ್ಲ. ಅವಳು ಹೋದ ಮೇಲೆ ನಾನು ಫ್ಯಾಮಿಲಿ ಅಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ, ಅಷ್ಟೆ. ಕೊನೆಗೆ ಜೂಜುವಾಡಿಯಲ್ಲಿ, ನಾನು ಟೀ ಮಾರುತ್ತಿದ್ದ ಜಾಗಕ್ಕೆ ಹತ್ತಿರದಲ್ಲೇ, ಒಂದು ಟೈರು ಅಂಗಡಿಯ ಮೇಲೆ ರೂಮು ಸಿಕ್ಕಿತು. ಲಾರಿಗಳ ಸದ್ದು ನಿಲ್ಲುವುದಿಲ್ಲ. ಬಿಸಿಲು ಬರುವುದಿಲ್ಲ, ಅದನ್ನು ನೋಡಿಯೇ ಹಿಡಿದೆ.

ಆರು ತಿಂಗಳು ಕಳೆದು ಓನರಮ್ಮ ಮುಳ್ಳು ತೆಗೆಸಿ, ಸುಣ್ಣ ಬಣ್ಣ ಮಾಡಿಸಿ, ಕರಾರು ನೆನಪಿದೆಯಾ ಅಂತ ಹೇಳಿಕಳಿಸಿದರು. ಕೋಲಾರದ ಕಡೆಯ ಒಂದು ಜೋಡಿ ಮನೆ ಹುಡುಕುತ್ತಿತ್ತು, ಹುಡುಗ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದವನು. ಮಧ್ಯಾಹ್ನವೇ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುವ ಮೊದಲೇ ನಡೆದದ್ದನ್ನು ಹೇಳಿದೆ. ನನ್ನ ಹೆಂಡತಿ ಅಂತಲೂ ಹೇಳಿದೆ. ಹುಡುಗ, ಕಂಪನಿ ಬಸ್ಸು ನಿಲ್ಲುವಲ್ಲಿ ತಾವು ನೋಡಿದ್ದ ಇನ್ನೊಂದು ಮನೆಯೇ ಪ್ರಿಫರಬಲ್ ಅನ್ನತೊಡಗಿದ. ನಾನು ಅವನ ಮಾತನ್ನು ಅಲ್ಲಿಗೇ ಬಿಟ್ಟು ಹುಡುಗಿಯ ಕಡೆ ತಿರುಗಿ, ನಿನಗೆ ಯಾವುದಮ್ಮ ಇಷ್ಟ, ದಿನವೆಲ್ಲ ಇರುವವಳು ನೀನು ಅಂದೆ. ಈಗ ಹೀಗೇ ಕೇಳುತ್ತೇನೆ. ನೀವೂ ಮನೆ ಹುಡುಕುವಾಗ ಕೇಳಿ. ಕೇಳುವುದಕ್ಕೆ ಕಮಿಷನ್ ಕೊಡಬೇಕಾಗಿಲ್ಲ.

ಆ ಹುಡುಗಿ ಹಾಲ್ ನೋಡಲಿಲ್ಲ, ರೂಮು ನೋಡಲಿಲ್ಲ, ಸೀದಾ ಅಡುಗೆಮನೆಗೆ ಹೋಗಿ ಕಿಟಕಿ ತೆರೆದಳು. ಎದುರಿಗೆ ಕೈಗೆಟುಕುವ ಹಾಗೆ ಪಕ್ಕದ ಕಟ್ಟಡದ ಗೋಡೆ, ಇನ್ನೂ ಗಾರೆ ಮಾಡಿರಲಿಲ್ಲ.

“ಇಲ್ಲಿ ಬಿಸಿಲು ಬರ್ತದಾ ಅಂಕಲ್?”

ಬ್ರೋಕರಾದವನು ಬರುತ್ತದೆ ಅನ್ನಬೇಕು. ನೆಲ ನೋಡಿದೆ.

“ಬರ್ತಿತ್ತಮ್ಮ. ಈಗ ಬರಲ್ಲ.”

ಅವಳು ನನ್ನ ಮುಖ ನೋಡಿ, ಕಿಟಕಿಯಿಂದ ಈಚೆ ಬಂದಳು. ಇಬ್ಬರೂ ಯೋಚನೆ ಮಾಡಿ ಹೇಳುತ್ತೇವೆ ಅಂತ ಇಳಿದು ಹೋದರು. ನನ್ನ ಕಸುಬಿನಲ್ಲಿ ಅದಕ್ಕೇನು ಅರ್ಥ ಅಂತ ನನಗೆ ಗೊತ್ತು.

ಕಿಟಕಿ ಮುಚ್ಚಿ, ಬೀಗ ಹಾಕಿ ಕೆಳಗೆ ಬಂದೆ. ಓನರಮ್ಮ ಬಾಗಿಲಲ್ಲೇ ಇದ್ದರು. ಏನಂದರು ಅಂತ ಕೇಳಿದರು. ಯೋಚನೆ ಮಾಡುತ್ತಾರಂತೆ ಅಮ್ಮ, ಬೇರೆಯವರನ್ನು ತರುತ್ತೇನೆ ಅಂದು ಬೀಗದಕೈ ಚಾಚಿದೆ.

ಅವರು ಕೈ ಒಡ್ಡಲಿಲ್ಲ.

“ಆತ್ರ ಏನಿಲ್ಲ ತಂಬಿ. ನಿನ್ ಹತ್ರಾನೇ ಇರ್ಲಿ.”